ಬಾಳೆಹೊನ್ನೂರಿನ ತುಕ್ಕು, ಕೊಲರಾಡೊದ ನಾಣ್ಯ: ಮಕ್ಕಳ ಕೈಗೆ ಸಂಶೋಧನಾ ಪ್ರಬಂಧ ಕೊಡುವ ಬಗೆ

1932ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಅಚ್ಚಾಯಿತು. ಬರೆದವರು ಡಬ್ಲ್ಯು. ವಿಲ್ಸನ್ ಮೇನ್. ಅವರು ಕೆಲಸ ಮಾಡುತ್ತಿದ್ದದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ, 1925ರಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರದಲ್ಲಿ. ಅದೇ ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಟಿಪ್ಪಣಿಯ ವಿಷಯ ಕಾಫಿಯ ಎಲೆತುಕ್ಕು ರೋಗ. ತೋಟದ ನಡುವೆ ಬೆಳೆದ ಮಕ್ಕಳಿಗೆ ಈ ರೋಗವನ್ನು ನಾನು ವಿವರಿಸಬೇಕಿಲ್ಲ. ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಒರೆಸಿದರೆ ಬೆರಳಿಗೆ ಅಂಟುತ್ತದೆ. ಆಮೇಲೆ ಎಲೆ ಉದುರುತ್ತದೆ, ಗಿಡ ಬೋಳಾಗುತ್ತದೆ. 1869ರ ಹೊತ್ತಿಗೆ ಸಿಲೋನಿನಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು. ಆ ಜಾಗಕ್ಕೆ ಚಹಾ ಬಂತು. ನಮ್ಮ ಕಡೆ 20ನೇ ಶತಮಾನದ ಆರಂಭದಲ್ಲಿ ಕೆಂಟ್ ಎಂಬ ಪ್ಲಾಂಟರ್ ತುಕ್ಕು ತಡೆಯುವ ಗಿಡವೊಂದನ್ನು ತೋಟದಲ್ಲಿ ಗುರುತಿಸಿದರು. ‘ಕೆಂಟ್ಸ್’ ಅನ್ನುವ ತಳಿ ಬಂದದ್ದು ಹಾಗೆ. ಎಲ್ಲರೂ ಅದನ್ನು ನೆಟ್ಟರು. ಕೆಲವು ವರ್ಷ ಕಳೆದ ಮೇಲೆ ಅದಕ್ಕೂ ತುಕ್ಕು ಹಿಡಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಮಕ್ಕಳನ್ನು ಕೇಳಿದೆ: ಯಾಕೆ ಹಿಡಿಯಿತು?

“ಗಿಡಕ್ಕೆ ವಯಸ್ಸಾಗಿರುತ್ತೆ ಮಿಸ್.” “ಆ ವರ್ಷ ಮಳೆ ಜಾಸ್ತಿ ಆಗಿರುತ್ತೆ.” “ಬೋರ್ಡೋ ಔಷಧಿ ಸರಿಯಾಗಿ ಹೊಡೆದಿರಲ್ಲ.” ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಮೆಲ್ಲನೆಯ ದನಿ: “ತುಕ್ಕೇ ಬೇರೆ ಇರಬಹುದಾ?”

ನಾಲ್ಕು ಊಹೆಗಳನ್ನೂ ಬೋರ್ಡಿನ ಮೇಲೆ ಬರೆದೆ. ಯಾವುದು ಸರಿ ಅಂತ ಹೇಳಲಿಲ್ಲ. ಯಾವ ಪ್ರಯೋಗ ಮಾಡಿದರೆ ಈ ನಾಲ್ಕನ್ನೂ ಬೇರೆ ಬೇರೆ ಮಾಡಿ ನೋಡಬಹುದು ಅಂತ ಮಾತ್ರ ಕೇಳಿದೆ. ಆವತ್ತಿನ ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು.

ಮಕ್ಕಳು ನಿಧಾನವಾಗಿ ದಾರಿ ಹಿಡಿದರು. ವಯಸ್ಸಿನ ಅನುಮಾನ ಹೋಗಬೇಕು ಅಂದರೆ ಒಂದೇ ವಯಸ್ಸಿನ ಸಸಿಗಳು ಬೇಕು. ಮಳೆಯ ಅನುಮಾನ ಹೋಗಬೇಕು ಅಂದರೆ ಎಲ್ಲವನ್ನೂ ಒಂದೇ ಜಾಗದಲ್ಲಿ, ಒಂದೇ ತೇವದಲ್ಲಿ ಇಡಬೇಕು. ಔಷಧಿ ಯಾವುದಕ್ಕೂ ಹೊಡೆಯಬಾರದು. ಈಗ ಎರಡು ತೋಟಗಳಿಂದ ತುಕ್ಕಿನ ಪುಡಿ ತರೋಣ. ಎರಡು ತಳಿಯ ಸಸಿ ತೆಗೆದುಕೊಳ್ಳೋಣ, ಒಂದು ಹಳೆಯದು, ಒಂದು ಕೆಂಟ್ಸ್. ಪ್ರತಿ ಪುಡಿಯನ್ನೂ ಎರಡೂ ತಳಿಯ ಎಲೆಗೆ ಹಚ್ಚೋಣ. ನಾಲ್ಕು ಮನೆಯ ಒಂದು ಪಟ್ಟಿ ಆಯಿತು. ಮೊದಲ ತೋಟದ ಪುಡಿ ಹಳೆ ತಳಿಗೆ ಮಾತ್ರ ಹಿಡಿದು, ಎರಡನೆಯ ತೋಟದ ಪುಡಿ ಕೆಂಟ್ಸಿಗೂ ಹಿಡಿದರೆ? ಸಸಿ ಅದೇ, ತೇವ ಅದೇ, ಬೇರೆ ಆಗಿರುವುದು ಪುಡಿ ಒಂದೇ. ಹಿಂದಿನ ಬೆಂಚಿನ ಹುಡುಗಿಯ ಊಹೆ ಉಳಿಯಿತು.

ಮೇನ್ ಅವರ ಟಿಪ್ಪಣಿ ಹೇಳಿದ್ದೂ ಅದನ್ನೇ. ತುಕ್ಕಿಗೆ ಕಾರಣವಾದ, ಕಣ್ಣಿಗೆ ಒಂದೇ ಥರ ಕಾಣುವ ಶಿಲೀಂಧ್ರದಲ್ಲಿ ಒಳಗೊಳಗೇ ಬೇರೆ ಬೇರೆ ಬಗೆಗಳಿವೆ. ಯಾವ ತಳಿಗೆ ಹಿಡಿಯುತ್ತದೆ ಅನ್ನುವುದರಿಂದ ಅವನ್ನು ಗುರುತಿಸಬಹುದು. ತುಕ್ಕು ತಡೆಯುವ ತಳಿ ಮಾಡುವವರ ಲೆಕ್ಕಾಚಾರವೇ ಇದರಿಂದ ಬದಲಾಯಿತು. ಒಂದು ಬಗೆಯನ್ನು ತಡೆದರೆ ಸಾಲದು, ಇನ್ನೊಂದು ಬಗೆ ಕಾಯುತ್ತಿರುತ್ತದೆ.

ಪಾಠದ ಪುಸ್ತಕ ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ: ರೋಗಕಾರಕ ಶಿಲೀಂಧ್ರದಲ್ಲಿ ಹಲವು ಬಗೆಗಳಿವೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಆ ವಾಕ್ಯದ ಹಿಂದೆ ಇದ್ದ ಸಸಿಗಳು, ಪುಡಿ, ನಾಲ್ಕು ಮನೆಯ ಪಟ್ಟಿ, ತಳ್ಳಿಹಾಕಿದ ಮೂರು ಊಹೆಗಳು, ಇವು ಯಾವುವೂ ಮಗುವಿಗೆ ಕಾಣುವುದಿಲ್ಲ. ಅವು ಕಾಣುವುದು ಸಂಶೋಧನಾ ಪ್ರಬಂಧದಲ್ಲಿ, ಎಲ್ಲರೂ ಪೇಪರ್ ಅಂತ ಕರೆಯುವ ಬರಹದಲ್ಲಿ.

ಪೇಪರ್ ಅಂದರೆ ಏನು ಅಂತ ಮಕ್ಕಳಿಗೆ ಹೇಳಲು ನಾನು ಮಳೆ ಪುಸ್ತಕದ ಉದಾಹರಣೆ ಕೊಡುತ್ತೇನೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ. ದಿನಾ ಬೆಳಿಗ್ಗೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುತ್ತಾರೆ. ಪೇಟೆಯಲ್ಲಿ ಯಾರೋ “ಈ ಸಲ ಮಳೆ ಕಡಿಮೆ” ಅಂತಾರೆ. ಅದು ಕೇಳಿದ ಮಾತು. ಮಳೆ ಪುಸ್ತಕ ಹಾಗಲ್ಲ. ಯಾರು ಅಳೆದರು, ಎಲ್ಲಿ ಅಳೆದರು, ಯಾವ ದಿನ ಎಷ್ಟು ಅಂತ ಅದರಲ್ಲಿದೆ. ನಂಬದವರು ಪುಟ ತಿರುಗಿಸಿ ನೋಡಬಹುದು, ಪಕ್ಕದ ತೋಟದ ಪುಸ್ತಕದ ಜೊತೆ ಹೋಲಿಸಬಹುದು. ಪ್ರಯೋಗ ಮಾಡಿದವರೇ, ತಾವು ಏನು ಮಾಡಿದೆವು, ಏನು ಕಂಡೆವು ಅಂತ ಬರೆದ ಬರಹವೇ ಸಂಶೋಧನಾ ಪ್ರಬಂಧ. ಪಠ್ಯಪುಸ್ತಕ, ಪತ್ರಿಕೆ ಸುದ್ದಿ, ಯೂಟ್ಯೂಬ್ ವಿಡಿಯೋ ಎಲ್ಲ ಅದರ ಮೇಲೆ ಕಟ್ಟಿದ ಮಾತು. ಅಚ್ಚಾಗುವ ಮೊದಲು ಅದೇ ಕ್ಷೇತ್ರದ ಬೇರೆ ವಿಜ್ಞಾನಿಗಳು ಓದಿ ತಕರಾರು ತೆಗೆಯುತ್ತಾರೆ ಅನ್ನುವುದೂ ಇವತ್ತಿನ ರೂಢಿ.

ಪೇಪರಿನ ಮೈಕಟ್ಟು ಬಹುಮಟ್ಟಿಗೆ ಒಂದೇ ಥರ. ಮೊದಲು ಸಾರಾಂಶ. ಆಮೇಲೆ ಪೀಠಿಕೆ, ಅಂದರೆ ಪ್ರಶ್ನೆ ಏನು, ಮೊದಲು ಯಾರು ಏನು ಕಂಡಿದ್ದರು. ನಂತರ ವಿಧಾನ, ಫಲಿತಾಂಶ, ಚರ್ಚೆ.

ಮೊದಲ ಸಲ ನಾನು ಒಂದು ಪೇಪರನ್ನು ಪ್ರಿಂಟ್ ತೆಗೆದು ಹಾಗೇ ತರಗತಿಗೆ ಹಂಚಿದ್ದೆ. ಹತ್ತು ನಿಮಿಷದಲ್ಲಿ ಮಕ್ಕಳ ಮುಖ ಬಾಡಿತು. ಇಂಗ್ಲಿಷ್ ಕಷ್ಟ ಅನ್ನುವುದು ಅರ್ಧ ಕಾರಣ. ಉಳಿದರ್ಧ ಇನ್ನೂ ದೊಡ್ಡದು: ಸಾರಾಂಶದಲ್ಲೇ ಉತ್ತರ ಇತ್ತು. ಉತ್ತರ ಸಿಕ್ಕಿದ ಮೇಲೆ ಯೋಚಿಸಲು ಏನು ಉಳಿಯುತ್ತದೆ? ಈಗ ನಾನು ಸಾರಾಂಶವನ್ನೂ ಚರ್ಚೆಯನ್ನೂ ತೆಗೆದಿಟ್ಟುಕೊಳ್ಳುತ್ತೇನೆ. ಮೊದಲು ಪ್ರಶ್ನೆ ಮಾತ್ರ ಕೊಡುತ್ತೇನೆ. ಮಕ್ಕಳೇ ಪ್ರಯೋಗ ಯೋಚಿಸುತ್ತಾರೆ. ಆಮೇಲೆ ವಿಧಾನ ಕೊಡುತ್ತೇನೆ, ತಮ್ಮದರ ಜೊತೆ ಹೋಲಿಸುತ್ತಾರೆ. ಆಮೇಲೆ ಪಟ್ಟಿ ಅಥವಾ ಚಿತ್ರ, ಅಡಿಬರಹ ಇಲ್ಲದೆ. “ಇದು ಏನು ಹೇಳುತ್ತಿದೆ, ನೀವೇ ಒಂದು ವಾಕ್ಯ ಬರೆಯಿರಿ.” ಲೇಖಕರು ಏನು ಬರೆದಿದ್ದಾರೆ ಅನ್ನುವುದು ಕೊನೆಗೆ.

ಇದು ನನ್ನ ಸ್ವಂತ ಉಪಾಯ ಅಲ್ಲ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಸ್ಯಾಲಿ ಹಾಸ್ಕಿನ್ಸ್ ಮತ್ತು ಜೊತೆಗಾರರು ‘ಕ್ರಿಯೇಟ್’ ಎಂಬ ಕ್ರಮ ರೂಪಿಸಿ 2007ರಲ್ಲಿ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಒಂದೇ ಪ್ರಯೋಗಾಲಯದಿಂದ ಒಂದರ ಹಿಂದೆ ಒಂದು ಬಂದ ನಾಲ್ಕು ಪೇಪರುಗಳನ್ನು ವಿದ್ಯಾರ್ಥಿಗಳು ಸಾಲಾಗಿ ಓದುತ್ತಾರೆ. ಒಂದನ್ನು ಓದಿ ಮುಗಿಸಿದಾಗ ಮುಂದಿನದು ಏನಿರುತ್ತದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಮುಂದಿನ ಪ್ರಯೋಗವನ್ನು ತಾವೇ ಯೋಚಿಸಬೇಕು. ಹಾಗೆ ಬಂದ ಪ್ರಸ್ತಾವಗಳಲ್ಲಿ ಯಾವುದಕ್ಕೆ ಹಣ ಕೊಡಬೇಕು ಅಂತ ವಿದ್ಯಾರ್ಥಿಗಳೇ ಸಮಿತಿಯಾಗಿ ಕೂತು ವಾದ ಮಾಡುತ್ತಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಈ ಸಮಿತಿ. ನನ್ನ ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗನೊಬ್ಬ ಸಮಿತಿಯಲ್ಲಿ ಕೂತ ದಿನ “ಇದಕ್ಕೆ ಹೋಲಿಕೆಗೆ ಏನಿದೆ? ಹೋಲಿಕೆ ಇಲ್ಲದಿದ್ದರೆ ದುಡ್ಡು ಕೊಡಲ್ಲ” ಅಂದ.

ಹೈಸ್ಕೂಲ್ ಮಕ್ಕಳಿಗೆ ಇನ್ನೊಂದು ದಾರಿ ಇದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಅನತ್ ಯಾರ್ಡನ್ ಮತ್ತು ಜೊತೆಗಾರರು 2001ರ ಹೊತ್ತಿಗೆ ಅದನ್ನು ಮುಂದಿಟ್ಟರು. ನಿಜವಾದ ಪೇಪರನ್ನು ತೆಗೆದುಕೊಂಡು ಭಾಷೆ ಸುಲಭ ಮಾಡುವುದು, ತೀರಾ ತಾಂತ್ರಿಕವಾದದ್ದನ್ನು ಬಿಡುವುದು, ಆದರೆ ಪ್ರಶ್ನೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಮೈಕಟ್ಟನ್ನು ಮುರಿಯದೆ ಇಡುವುದು. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಇದು ವರ ಅಂತಲೇ ನಾನು ಅಂದುಕೊಂಡಿದ್ದೇನೆ. ಹೇಗೂ ಕನ್ನಡಕ್ಕೆ ತರಬೇಕು, ತರುವಾಗಲೇ ಸುಲಭ ಮಾಡಬಹುದು. ಎರಡು ಪುಟಕ್ಕಿಂತ ಜಾಸ್ತಿ ಬೇಡ. ಅಂಕಿಗಳನ್ನು ಮಾತ್ರ ಮುಟ್ಟಬಾರದು. “ಇರಬಹುದು”, “ತೋರುತ್ತದೆ” ಎಂಬ ಮಾತುಗಳನ್ನೂ ತೆಗೆಯಬಾರದು. ಸುಲಭ ಮಾಡುವ ಆತುರದಲ್ಲಿ ನಾವು ಮೊದಲು ಕಿತ್ತುಹಾಕುವುದು ಅವನ್ನೇ, ಅಲ್ವಾ? ವಿಜ್ಞಾನಿ ಎಷ್ಟು ಖಚಿತವಾಗಿದ್ದಾರೆ ಅನ್ನುವುದು ಗೊತ್ತಾಗುವುದು ಆ ಮಾತುಗಳಿಂದ.

ಶುರುಮಾಡಲು ಯಾವ ಪೇಪರ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಎಮಿಲಿ ರೋಸಾಳ ಪೇಪರ್ ಅನ್ನುತ್ತೇನೆ. ಅಮೆರಿಕದ ಕೊಲರಾಡೊದ ಹುಡುಗಿ. ಒಂಬತ್ತು ವರ್ಷ ಇದ್ದಾಗ ಶಾಲೆಯ ವಿಜ್ಞಾನ ಮೇಳಕ್ಕೆ ಮಾಡಿದ ಪ್ರಯೋಗ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ, ಅಮ್ಮ ಮತ್ತು ಇನ್ನಿಬ್ಬರು ದೊಡ್ಡವರ ಜೊತೆ ಅವಳ ಹೆಸರಲ್ಲಿ ಅಚ್ಚಾಯಿತು. ಆಗ ಅವಳಿಗೆ ಹನ್ನೊಂದು.

ರೋಗಿಯ ಮೈ ಮುಟ್ಟದೆ, ಮೇಲೆ ಕೈ ಆಡಿಸಿ, ಮೈಯಿಂದ ಹೊಮ್ಮುವ ಶಕ್ತಿಯನ್ನು ಸರಿಪಡಿಸುತ್ತೇವೆ ಅನ್ನುವ ಚಿಕಿತ್ಸಕರು ಅಲ್ಲಿದ್ದರು. ಆ ಶಕ್ತಿ ತಮ್ಮ ಕೈಗೆ ಗೊತ್ತಾಗುತ್ತದೆ ಅಂತ ಅವರ ಮಾತು. ಎಮಿಲಿ ಕೇಳಿದ್ದು ಚಿಕ್ಕ ಪ್ರಶ್ನೆ: ನಿಜವಾಗಿ ಗೊತ್ತಾಗುತ್ತದಾ? ಒಂದು ಅಡ್ಡ ಪರದೆ. ಚಿಕಿತ್ಸಕರು ಅದರ ಕೆಳಗಿನ ಕಿಂಡಿಗಳಲ್ಲಿ ಎರಡೂ ಕೈ ಚಾಚಿ, ಅಂಗೈ ಮೇಲೆ ಮಾಡಿ ಕೂರಬೇಕು. ಆಚೆ ಬದಿಯಲ್ಲಿ ಎಮಿಲಿ ನಾಣ್ಯ ಚಿಮ್ಮುತ್ತಾಳೆ. ನಾಣ್ಯ ಹೇಳಿದ ಕೈಯ ಮೇಲೆ, ಸುಮಾರು 8ರಿಂದ 10 ಸೆಂಟಿಮೀಟರ್ ಎತ್ತರದಲ್ಲಿ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಮೇಲೆ ಇದೆ, ಎಡವಾ ಬಲವಾ? 21 ಚಿಕಿತ್ಸಕರು, ಒಟ್ಟು 280 ಸಲ. ಸರಿಯಾದದ್ದು 123 ಸಲ, ಅಂದರೆ ಶೇಕಡ 44. ಸುಮ್ನೆ ಊಹಿಸಿದ್ದರೂ ಅರ್ಧದಷ್ಟು, ಅಂದರೆ 140ರ ಆಸುಪಾಸು ಬರಬೇಕು.

ಹದಿಮೂರು ವರ್ಷದ ಮಗುವಿಗೆ ಅರ್ಥವಾಗದ್ದು ಇದರಲ್ಲಿ ಏನೂ ಇಲ್ಲ. ಆದರೆ ಒಳಗೆ ತುಂಬಾ ಇದೆ. ನಾಣ್ಯ ಯಾಕೆ ಬೇಕು, ಅವಳೇ ಮನಸ್ಸಿಗೆ ಬಂದ ಕೈ ಆರಿಸಬಹುದಿತ್ತಲ್ಲ? ಮಕ್ಕಳಿಗೆ ಇದು ಅರ್ಥವಾಗಲು ಒಂದು ಆಟ ಸಾಕು. ‘ಎಡ, ಬಲ’ ಅಂತ ಇಪ್ಪತ್ತು ಸಲ ಮನಸ್ಸಿಗೆ ಬಂದಂತೆ ಬರೆಯಲು ಹೇಳಿ. ಬಹಳ ಮಕ್ಕಳು ಎಡ, ಬಲ, ಎಡ, ಬಲ ಅಂತ ಬದಲಿಸುತ್ತಲೇ ಇರುತ್ತಾರೆ. ಪಕ್ಕದವರು ಮುಂದಿನದನ್ನು ಸುಲಭವಾಗಿ ಊಹಿಸುತ್ತಾರೆ. ನಾಣ್ಯಕ್ಕೆ ಆ ಚಾಳಿ ಇಲ್ಲ.

ನಾವೂ ಅದನ್ನು ತರಗತಿಯಲ್ಲಿ ಮಾಡಿದೆವು. ಪರದೆಗೆ ಒಂದು ಶಾಲು. ಪ್ರತಿ ಮಗುವಿಗೆ ಹತ್ತು ಅವಕಾಶ. ಒಬ್ಬ ಹುಡುಗ ಹತ್ತರಲ್ಲಿ ಎಂಟು ಸರಿ ಹೇಳಿದ. ತರಗತಿ ಚಪ್ಪಾಳೆ ಹೊಡೆಯಿತು. ಅವನಿಗೆ ಶಕ್ತಿ ಗೊತ್ತಾಗುತ್ತದಾ ಹಾಗಾದರೆ? ಆಗ ನಾವು ಲೆಕ್ಕ ಹಾಕಿದೆವು. ಹತ್ತು ಸಲ ನಾಣ್ಯ ಚಿಮ್ಮಿದರೆ ಒಟ್ಟು 1024 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎಂಟು ಅಥವಾ ಹೆಚ್ಚು ಸರಿಯಾಗುವ ಬಗೆಗಳು 56. ಶೇಕಡ ಐದೂವರೆ ಹತ್ತಿರ. 40 ಮಕ್ಕಳ ತರಗತಿಯಲ್ಲಿ ಏನೂ ಗೊತ್ತಿಲ್ಲದೆಯೇ ಸರಾಸರಿ ಇಬ್ಬರು ಎಂಟಕ್ಕೆ ಮುಟ್ಟುತ್ತಾರೆ. ಲಾಟರಿ ಹೊಡೆದವನ ಮಾತು ಮಾತ್ರ ಕೇಳಿ ನಂಬಬಾರದು ಅನ್ನುವುದು ಮಕ್ಕಳಿಗೆ ಗೊತ್ತು. ಅದೇ ಮಾತು ಇಲ್ಲಿ ಅಂಕಿಯಲ್ಲಿ ಸಿಕ್ಕಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ನಿಮ್ಮ ಕೈಬಳೆ ಸದ್ದು ಬರ್ತಿತ್ತು. ಅವನಿಗೆ ಯಾವ ಕಡೆ ಅಂತ ಕೇಳಿಸಿರುತ್ತೆ.”

ನಾನು ಗಮನಿಸಿಯೇ ಇರಲಿಲ್ಲ. ಬಳೆ ತೆಗೆದಿಟ್ಟು ಅವನಿಗೆ ಮತ್ತೆ ಹತ್ತು ಸಲ ಮಾಡಿದೆವು. ಐದು ಸರಿ. ಬಳೆಯಿಂದಾಗಿ ಮೊದಲು ಎಂಟು ಬಂತಾ, ಅದೃಷ್ಟದಿಂದ ಬಂತಾ? ಈ ಒಂದು ಪರೀಕ್ಷೆಯಿಂದ ಹೇಳಲು ಆಗುವುದಿಲ್ಲ ಅಂತ ಮಕ್ಕಳೇ ತೀರ್ಮಾನಿಸಿದರು. ಅವತ್ತು ಅವರು ಬರೆದ ವಿಧಾನದ ಮೊದಲ ಸಾಲು: ‘ಕೈ ಹಿಡಿಯುವವರು ಬಳೆ, ವಾಚು ಹಾಕಿರಬಾರದು.’ ಪೇಪರಿನ ವಿಧಾನದ ಭಾಗ ಯಾಕೆ ಅಷ್ಟು ಉದ್ದ, ಅಷ್ಟು ಸಪ್ಪೆ ಅಂತ ಆಮೇಲೆ ಯಾರೂ ಕೇಳಲಿಲ್ಲ. ಪ್ರತಿ ಸಪ್ಪೆ ವಾಕ್ಯದ ಹಿಂದೆ ಒಂದು ಬಳೆ ಇರುತ್ತದೆ.

ಎಮಿಲಿಯ ಪೇಪರನ್ನೂ ಪ್ರಶ್ನೆ ಕೇಳದೆ ಬಿಡಬಾರದು. ಅದು ತೋರಿಸಿದ್ದು, ಆ ಚಿಕಿತ್ಸಕರಿಗೆ ಒಬ್ಬ ಹುಡುಗಿಯ ಕೈ ಯಾವ ಕಡೆ ಇದೆ ಅಂತ ಹೇಳಲು ಆಗಲಿಲ್ಲ ಅಂತ. ಇದರಿಂದ ರೋಗಿಗಳಿಗೆ ಯಾವ ಅನುಕೂಲವೂ ಆಗುವುದಿಲ್ಲ ಅನ್ನಬಹುದಾ? ಕೈ ಹಿಡಿದದ್ದು ಎಮಿಲಿ ಒಬ್ಬಳೇ, ಬೇರೆಯವರು ಹಿಡಿದಿದ್ದರೆ? ಚಿಕಿತ್ಸೆಯ ಬುಡದಲ್ಲಿರುವ ನಂಬಿಕೆಗೆ ಇದು ದೊಡ್ಡ ಪೆಟ್ಟು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಫಲಿತಾಂಶ ಎಲ್ಲಿಗೆ ನಿಲ್ಲುತ್ತದೆ, ಲೇಖಕರ ಮಾತು ಎಲ್ಲಿಂದ ಶುರುವಾಗುತ್ತದೆ ಅಂತ ಗೆರೆ ಎಳೆಯಲು ಮಕ್ಕಳು ಕಲಿಯಬೇಕು. ನಾನು ಅವರ ಕೈಗೆ ಎರಡು ಬಣ್ಣದ ಪೆನ್ಸಿಲ್ ಕೊಡುತ್ತೇನೆ. ಕಂಡದ್ದರ ಕೆಳಗೆ ಹಸಿರು ಗೆರೆ, ಅಂದುಕೊಂಡದ್ದರ ಕೆಳಗೆ ಕೆಂಪು.

ಅಚ್ಚಾದ ಪೇಪರ್ ಎಲ್ಲ ಸತ್ಯ ಅಂತಲೂ ಮಕ್ಕಳು ತಿಳಿಯಬಾರದು. ಅದೇ 1998ರಲ್ಲಿ ‘ಲ್ಯಾನ್ಸೆಟ್’ ಎಂಬ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಪೇಪರ್ ಬಂತು. ಅದರಲ್ಲಿ ಇದ್ದದ್ದು 12 ಮಕ್ಕಳು. ಹೋಲಿಸಿ ನೋಡಲು ಬೇರೆ ಮಕ್ಕಳ ಗುಂಪೇ ಇರಲಿಲ್ಲ. 2010ರಲ್ಲಿ ಪತ್ರಿಕೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸದೆ ಬಿಟ್ಟಿದ್ದರು. ಎಮಿಲಿಯ ಪೇಪರಿನ ಪಕ್ಕದಲ್ಲಿ ಇದನ್ನಿಟ್ಟರೆ ಮಕ್ಕಳು ತಾವೇ ಕೇಳುತ್ತಾರೆ: ಎಷ್ಟು ಜನ? ಯಾರ ಜೊತೆ ಹೋಲಿಸಿದರು?

ಈಗ ನಮ್ಮ ತೋಟಕ್ಕೆ ವಾಪಸ್ ಬರುತ್ತೇನೆ. 2018ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಷಾರ್ಲೆಟ್ ಚಾಂಗ್, ಕೃತಿ ಕಾರಂತ್ ಮತ್ತು ಪಾಲ್ ರಾಬಿನ್ಸ್ ಬರೆದ ಪೇಪರ್ ಇದೆ. ದುಡ್ಡು ಕೊಡದೆ ಯಾರು ಬೇಕಾದರೂ ಓದಬಹುದು. ಪಶ್ಚಿಮ ಘಟ್ಟದ ನಮ್ಮ ಕಾಫಿ ಸೀಮೆಯ 61 ತೋಟಗಳಲ್ಲಿ ಹಕ್ಕಿಗಳನ್ನು ನೋಡಿ, ಕಾಫಿಯ ಎರಡು ಜಾತಿಗಳಾದ ಅರೇಬಿಕಾ ಮತ್ತು ರೊಬಸ್ಟಾ ತೋಟಗಳನ್ನು ಹೋಲಿಸಿದ್ದಾರೆ. ಕಾಡನ್ನು ನೆಚ್ಚಿಕೊಂಡ 79 ಜಾತಿಯ ಹಕ್ಕಿಗಳು ಈ ತೋಟಗಳಲ್ಲಿ ಸಿಕ್ಕವು. ಅರೇಬಿಕಾ ತೋಟಗಳಲ್ಲಿ ಜಾತಿಗಳು ಹೆಚ್ಚು. ರೊಬಸ್ಟಾ ತೋಟಗಳೂ ಬರಿದಾಗಿರಲಿಲ್ಲ.

ದೂರದೂರಿನ ಪೇಪರಿಗೂ ಇದಕ್ಕೂ ಇರುವ ವ್ಯತ್ಯಾಸ ತರಗತಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಮಕ್ಕಳಿಗೆ ಲೇಖಕರ ಜೊತೆ ವಾದ ಮಾಡುವಷ್ಟು ಸ್ವಂತ ಅನುಭವ ಇದೆ. “79 ಮಾತ್ರನಾ? ನಮ್ಮ ತೋಟದಲ್ಲೇ ಕಾಗೆ, ಮೈನಾ, ಕೊಕ್ಕರೆ ಎಲ್ಲ ಇವೆ” ಅಂತ ಒಬ್ಬ ಅಂದ. ಆಗ ‘ಕಾಡನ್ನು ನೆಚ್ಚಿಕೊಂಡ’ ಅನ್ನುವ ಮಾತಿಗೆ ವಾಪಸ್ ಹೋಗಬೇಕಾಯಿತು. ಲೇಖಕರು ಯಾವುದನ್ನು ಲೆಕ್ಕಕ್ಕೆ ತೆಗೆದುಕೊಂಡರು, ಯಾವುದನ್ನು ಬಿಟ್ಟರು ಅನ್ನುವುದರ ಮೇಲೆ ಅಂಕಿ ನಿಂತಿರುತ್ತದೆ.

ಇನ್ನೊಬ್ಬಳು, ಅವಳ ಅಪ್ಪ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರು, ಕೇಳಿದ ಪ್ರಶ್ನೆ ನನ್ನನ್ನು ಬೆರಗಾಗಿಸಿತು. “ಅರೇಬಿಕಾ ಮೇಲಿನ ಗುಡ್ಡದಲ್ಲಿ ಇರುತ್ತೆ, ರೊಬಸ್ಟಾ ಕೆಳಗೆ. ಹಕ್ಕಿ ಜಾಸ್ತಿ ಇರೋದು ಅರೇಬಿಕಾಕ್ಕಾ, ಎತ್ತರಕ್ಕಾ? ನೆರಳಿನ ಮರಕ್ಕಾ?” ಸಾಮಾನ್ಯವಾಗಿ ಅರೇಬಿಕಾ ಸಾವಿರ ಮೀಟರಿನ ಮೇಲೆ, ರೊಬಸ್ಟಾ ಅದರ ಕೆಳಗೆ ಬೆಳೆಯುತ್ತದೆ. ಅರೇಬಿಕಾಕ್ಕೆ ನೆರಳು ಜಾಸ್ತಿ ಬೇಕು, ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡುವ ರೀತಿಯೂ ಬೇರೆ. ಎರಡು ಸಂಗತಿಗಳು ಒಟ್ಟೊಟ್ಟಿಗೆ ಬದಲಾದರೆ ಕಾರಣ ಯಾವುದು ಅಂತ ಬಿಡಿಸುವುದು ಹೇಗೆ? ವಿಜ್ಞಾನದಲ್ಲಿ ದೊಡ್ಡವರನ್ನೂ ಕಾಡುವ ಪ್ರಶ್ನೆ ಇದು. ಅವಳಿಗೆ ಅದು ದಿನಾ ನಡೆದು ಬರುವ ದಾರಿಯಲ್ಲೇ ಸಿಕ್ಕಿತ್ತು. ಲೇಖಕರು ಗಿಡಮರಗಳ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಅಂತ ಹೇಳಿ, ಆ ಭಾಗ ತೆಗೆದು ಅವಳ ಮುಂದಿಟ್ಟೆ. ಇಂಗ್ಲಿಷ್ ಕಷ್ಟ ಅಂತ ಅವತ್ತು ಅವಳು ಅನ್ನಲಿಲ್ಲ. ಡಿಕ್ಷನರಿ ಕೇಳಿದಳು.

ಶಿಕ್ಷಕರಿಗೆ ಇದಕ್ಕೆಲ್ಲ ಸಮಯ ಎಲ್ಲಿದೆ ಅನ್ನುವ ಮಾತು ನ್ಯಾಯವಾದದ್ದೇ. ಸಿಲಬಸ್ ಓಡುತ್ತಿರುತ್ತದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಕಾಯುತ್ತಿರುತ್ತದೆ. ನಾನು ವರ್ಷಕ್ಕೆ ಮೂರು ಪೇಪರ್ ಮಾತ್ರ ಮಾಡುತ್ತೇನೆ, ಒಂದೊಂದಕ್ಕೆ ಮೂರು ಪೀರಿಯಡ್. ಎಲ್ಲವನ್ನೂ ಓದಿಸುವುದಿಲ್ಲ. ಒಂದು ಪೇಪರಿನ ಒಂದೇ ಚಿತ್ರ ಸಾಕಾಗುವ ದಿನವೂ ಇದೆ. ಹುಡುಕುವುದು ಈಗ ಕಷ್ಟವಿಲ್ಲ. 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಹಳೆ ಸಂಚಿಕೆಗಳು ಇಂಟರ್ನೆಟ್ಟಿನಲ್ಲಿ ಉಚಿತ. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳೂ ಹಾಗೇ ಸಿಗುತ್ತವೆ. ಹಾಸನದ ಕಡೆಯ ಶಿಕ್ಷಕರು ಸಕಲೇಶಪುರ, ಆಲೂರಿನ ಆನೆಗಳ ಬಗ್ಗೆ ಹುಡುಕಿ ನೋಡಲಿ. ಮಕ್ಕಳು ಮನೆಯಲ್ಲಿ ದಿನಾ ಕೇಳುವ ವಿಷಯ ಅದು, ಅದರ ಮೇಲೆ ಅಂಕಿ ಅಂಶ ಕೂಡಿಸಿದವರೂ ಇದ್ದಾರೆ.

ಹಕ್ಕಿಗಳ ಪೇಪರ್ ಮುಗಿದ ಮೇಲೆ ‘ಮುಂದಿನ ಪ್ರಯೋಗ’ ಬರೆಯಲು ಹೇಳಿದ್ದೆ. ರೈಟರ ಮಗಳ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಅವಳ ಯೋಜನೆ ಹೀಗಿದೆ: ಒಂದೇ ಎತ್ತರದಲ್ಲಿರುವ, ಎರಡೂ ಅರೇಬಿಕಾ ಇರುವ ಎರಡು ಜಾಗ. ಒಂದರಲ್ಲಿ ನೆರಳಿಗೆ ಸಿಲ್ವರ್ ಓಕ್ ಮಾತ್ರ, ಇನ್ನೊಂದರಲ್ಲಿ ಹಲಸು, ಅತ್ತಿ, ಕಾಡುಮರ. ಆರು ಶನಿವಾರ ಬೆಳಿಗ್ಗೆ ಆರೂವರೆಯಿಂದ, ಪ್ರತಿ ಜಾಗದಲ್ಲಿ ಹತ್ತು ನಿಮಿಷ ನಿಂತು ಎಣಿಸುವುದು. ಮೊದಲು ಯಾವ ಜಾಗಕ್ಕೆ ಹೋಗುವುದು ಅನ್ನುವುದಕ್ಕೆ ಪ್ರತಿ ವಾರ ನಾಣ್ಯ ಚಿಮ್ಮುವುದು. ಕೊನೆಯಲ್ಲಿ ಪೆನ್ಸಿಲ್ಲಿನಲ್ಲಿ ಎರಡು ಸಾಲು: ‘ಹಣ್ಣು ಕುಯ್ಯುವ ಆಳುಗಳು ಇದ್ದ ದಿನ ಹಕ್ಕಿ ಹಾರಿ ಹೋದರೆ ಏನು ಮಾಡುವುದು? ಆ ದಿನ ಬಿಡುವುದಾ, ಬರೆದುಕೊಳ್ಳುವುದಾ?’